ಮೊಳೆ ಎದ್ದಿಲ್ಲ, ಮರ ಕೂತಿದೆ

ರೇಷ್ಮೆ ಸೀರೆ ಪರ್ರೆಂದು ಹರಿದರೆ ಮದುವೆಮನೆಯ ವಾಲಗವೂ ಒಂದು ಗಳಿಗೆ ಕಿವಿಗೆ ಬೀಳುವುದಿಲ್ಲ. 1987ರ ಏಪ್ರಿಲ್, ತೀರ್ಥಹಳ್ಳಿ ಸೀಮೆಯ ಒಂದು ತೊಟ್ಟಿಮನೆ. ಮದುಮಗಳ ಸೋದರತ್ತೆ ಮಹಡಿಯಲ್ಲಿ ತಾಂಬೂಲದ ಹರಿವಾಣ ಹಿಡಿದು ಸರಸರ ಬರುತ್ತಿದ್ದರು. ನೆರಿಗೆಯ ಅಂಚು ನೆಲದ ಹಲಗೆಯಿಂದ ತಲೆ ಹಾಕಿದ್ದ ಮೊಳೆಯೊಂದಕ್ಕೆ ಸಿಕ್ಕಿ ಗೇಣುದ್ದ ಹರಿಯಿತು. ಹಿಂದಿನ ಮಳೆಗಾಲದಲ್ಲಿ ಆ ಹಲಗೆ ಹಾಸಿ ಮೊಳೆ ಹೊಡೆದವನು ನಾನು. ಕೆಳಗೆ ಪಂಕ್ತಿಯಲ್ಲಿ ಕೂತಿದ್ದವನು ಪಾಯಸ ಬರುವ ಮುಂಚೆಯೇ ಎದ್ದು ಹೋದೆ.

ಆಗ ನನಗೆ ಇಪ್ಪತ್ನಾಲ್ಕು, ಈಗ ಅರವತ್ತು ದಾಟಿದೆ. ಎದ್ದ ಮೊಳೆ ಕೂರಿಸುವುದು ನಮ್ಮ ಕಸುಬಿನಲ್ಲಿ ಲೆಕ್ಕಕ್ಕಿಲ್ಲದ ಕೆಲಸ. ಅದಕ್ಕೆಂದೇ ಯಾರೂ ಆಚಾರಿಯನ್ನು ಕರೆಯುವುದಿಲ್ಲ. ಬೇರೆ ಏನಕ್ಕೋ ಹೋದಾಗ ‘ಆಚಾರ್ರೇ, ಹಾಗೇ ಇದೊಂದು ಹೊಡೆದು ಹೋಗಿ’ ಅನ್ನುತ್ತಾರೆ. ಹಾಗೆ ಹೊಡೆದು ಹೋದ ಮೊಳೆಗಳೇ ಮರುವರ್ಷ ನನ್ನನ್ನು ವಾಪಸು ಕರೆಸಿಕೊಂಡು ಪಾಠ ಹೇಳಿದವು.

1. ಮೊಳೆಯನ್ನು ಬೈಯುವ ಮೊದಲು ಮರವನ್ನು ನೋಡಿ

ಮದುವೆಯ ಮರುದಿನ ಅಪ್ಪಯ್ಯನನ್ನು ಕರೆದುಕೊಂಡು ಆ ಮನೆಗೆ ಹೋದೆ. ಅವರು ಮಹಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನ ಉಗುರನ್ನು ಮೊಳೆಯ ತಲೆಯ ಅಡಿಗೆ ತೂರಿಸಿದರು. ಉಗುರು ಸಲೀಸಾಗಿ ಹೋಯಿತು. ಆಮೇಲೆ ಎರಡು ಹಲಗೆಗಳ ನಡುವಿನ ಸಂದಿಗೆ ಬೀಡಿಕಟ್ಟಿನ ರಟ್ಟು ತುರುಕಿದರು. ಅದೂ ಹೋಯಿತು. ನಾನು ಹಾಸಿದಾಗ ಅಲ್ಲಿ ಕೂದಲು ನುಗ್ಗುವಷ್ಟೂ ಸಂದಿರಲಿಲ್ಲ. ‘ಮೊಳೆ ಎದ್ದಿಲ್ಲ ಮಾರಾಯ, ಮರ ಕೂತಿದೆ’ ಅಂದರು.

ಅವರು ಅಷ್ಟರಲ್ಲೇ ಮುಗಿಸಿದ್ದನ್ನು ನಾನು ಬಿಡಿಸಿ ಹೇಳುತ್ತೇನೆ. ಹಸಿ ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಕುಗ್ಗುವುದೆಲ್ಲ ಅಡ್ಡಕ್ಕೆ, ಅಂದರೆ ಅಗಲ ಮತ್ತು ದಪ್ಪದಲ್ಲಿ. ಮರದ ತೇವ ನೂರಕ್ಕೆ ಸುಮಾರು ಮೂವತ್ತಕ್ಕೆ ಇಳಿಯುವ ತನಕ ಏನೂ ಆಗುವುದಿಲ್ಲ, ಅಲ್ಲಿಂದ ಕೆಳಗೆ ಇಳಿದಂತೆಲ್ಲ ಕುಗ್ಗತೊಡಗುತ್ತದೆ. ಈಗ ಹಲಗೆಯನ್ನು ಹೊತ್ತ ತೊಲೆಯನ್ನು ನೆನೆಸಿಕೊಳ್ಳಿ. ಮೊಳೆಯ ತುದಿ ತೊಲೆಯ ಒಡಲಲ್ಲಿ ಎರಡಿಂಚು ಆಳಕ್ಕೆ ಕಚ್ಚಿಕೊಂಡಿದೆ. ತೊಲೆ ಒಣಗಿ ಅದರ ಮೇಲ್ಮೈ ಒಂದೆರಡು ಮಿಲಿಮೀಟರು ಕೆಳಗಿಳಿಯುತ್ತದೆ, ಹಲಗೆಯೂ ಅದರ ಜೊತೆ ಇಳಿದು ತಾನೂ ಒಂದಿಷ್ಟು ತೆಳ್ಳಗಾಗುತ್ತದೆ. ಕಬ್ಬಿಣ ಕುಗ್ಗುವುದಿಲ್ಲವಲ್ಲ, ಅದರ ತಲೆ ಇದ್ದಲ್ಲೇ ಉಳಿಯುತ್ತದೆ. ನಮ್ಮ ಕಣ್ಣಿಗೆ ಮೊಳೆ ಎದ್ದ ಹಾಗೆ ಕಾಣುತ್ತದೆ.

ಇದು ಮೊದಲ ವರ್ಷದ ಕತೆ. ಮಳೆಗಾಲದಲ್ಲಿ ಮರ ತೇವ ಕುಡಿದು ಮತ್ತೆ ಉಬ್ಬುತ್ತದೆ. ಉಬ್ಬುವಾಗ ಹಲಗೆ ಮೊಳೆಯ ತಲೆಯನ್ನು ಹಿಡಿದು ಕೂದಲೆಳೆಯಷ್ಟು ಮೇಲಕ್ಕೆ ಎಳೆಯುತ್ತದೆ. ಬೇಸಿಗೆಯಲ್ಲಿ ಹಲಗೆ ಇಳಿದರೂ ಮೊಳೆಯನ್ನು ಕೆಳಕ್ಕೆ ತಳ್ಳುವವರು ಯಾರೂ ಇಲ್ಲ. ಮಲೆನಾಡಿನಲ್ಲಿ ಈ ಏರಿಳಿತ ಸಣ್ಣದಲ್ಲ. ವರ್ಷಕ್ಕೆ 7,000 ಮಿ.ಮೀ. ಮಳೆ ಕಾಣುವ ಆಗುಂಬೆಯ ಆಸುಪಾಸಿನ ಮನೆಗಳಲ್ಲಿ ಜುಲೈ ತಿಂಗಳಲ್ಲಿ ಬಿಗಿದುಕೊಳ್ಳುವ ಕಪಾಟಿನ ಬಾಗಿಲು ಫೆಬ್ರವರಿಯಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಮಳೆಯ ಜೊತೆ ಮೊಳೆಯೂ ಮೊಳೆಯುತ್ತದೆ ಎಂದು ನಾವು ತಮಾಷೆ ಮಾಡುವುದುಂಟು.

2. ಎದ್ದ ಮೊಳೆಯ ತಲೆಗೆ ಮತ್ತೆ ಹೊಡೆಯಬೇಡಿ

ನಾನು ಮೊದಲು ಮಾಡಿದ್ದೇ ಅದು. ಸುತ್ತಿಗೆ ತೆಗೆದುಕೊಂಡು ಮಹಡಿಯ ಅಷ್ಟೂ ಮೊಳೆಗಳಿಗೆ ಒಂದೊಂದು ಹೊಡೆತ ಕೊಟ್ಟು, ಮನೆಯವರೆದುರು ಅಂಗೈ ಉಜ್ಜಿ ತೋರಿಸಿ ಬಂದೆ. ಮರುವರ್ಷ ಅವೇ ಮೊಳೆಗಳು, ಅದೇ ಜಾಗ. ಒಮ್ಮೆ ಸಡಿಲಾದ ತೂತು ಸುತ್ತಿಗೆಯ ಏಟಿಗೆ ಬಿಗಿಯಾಗುವುದಿಲ್ಲ. ಮೊಳೆ ಹಳೆಯ ದಾರಿಯಲ್ಲೇ ಕೆಳಗೆ ಹೋಗಿ ಅದೇ ದಾರಿಯಲ್ಲಿ ಮೇಲೆ ಬರುತ್ತದೆ.

ಈಗ ಮಾಡುವ ಕ್ರಮ ಹೀಗೆ. ಎದ್ದ ಮೊಳೆಯಿಂದ ಒಂದೂವರೆ ಇಂಚು ಆಚೆ, ಅದೇ ತೊಲೆಯ ನೆತ್ತಿಗೆ ಬರುವಂತೆ ಗುರುತು ಹಾಕಿ. ಹಲಗೆಯ ಮೇಲೆ ಒಬ್ಬರು ನಿಂತು ಅದನ್ನು ತೊಲೆಗೆ ಒತ್ತಿರಬೇಕು. ಇದನ್ನು ಬಿಟ್ಟವರೇ ಹೆಚ್ಚು. ಹಲಗೆ ತೊಲೆಗೆ ಕೂರದೆ ನಡುವೆ ಸಂದು ಉಳಿದರೆ ಎಂಥ ಸ್ಕ್ರೂ ಹಾಕಿದರೂ ನಡೆದಾಗಲೆಲ್ಲ ಕಿರ್‍ರ್ ಎನ್ನುತ್ತದೆ. ಒಂದಿಂಚಿನ ಹಲಗೆಗೆ ಎರಡಿಂಚಿನ 8 ನಂಬರ್ ಸ್ಕ್ರೂ ಸಾಕು. ಮೊದಲು 3 ಮಿ.ಮೀ. ಬಿಟ್ಟಿನಲ್ಲಿ ಹಲಗೆ, ತೊಲೆ ಎರಡಕ್ಕೂ ತೂತು. ಆಮೇಲೆ ಹಲಗೆಯ ತೂತನ್ನು ಮಾತ್ರ ನಾಲ್ಕೂವರೆ ಮಿ.ಮೀ.ಗೆ ದೊಡ್ಡದು ಮಾಡಿ. ಸ್ಕ್ರೂ ಹಲಗೆಯಲ್ಲಿ ಸಲೀಸಾಗಿ ಜಾರಬೇಕು, ತೊಲೆಯಲ್ಲಿ ಮಾತ್ರ ಕಚ್ಚಬೇಕು. ಆಗಲೇ ಅದು ಹಲಗೆಯನ್ನು ಕೆಳಕ್ಕೆ ಎಳೆಯುವುದು. ಎರಡರಲ್ಲೂ ಕಚ್ಚಿದರೆ ಇದ್ದ ಸಂದು ಇದ್ದ ಹಾಗೇ ಬಂಧಿಯಾಗುತ್ತದೆ.

ಹೊಸ ಸ್ಕ್ರೂ ಕೂತ ಮೇಲೆ ಹಳೆಯ ಮೊಳೆಯನ್ನು ಕಿತ್ತುಬಿಡಿ. ಅದರ ತೂತಿಗೆ ಒಣ ಬಿದಿರಿನ ಕಡ್ಡಿಯನ್ನು ಚೂಪು ಮಾಡಿ, ಫೆವಿಕಾಲ್ ಸವರಿ, ಬಡಿದು ಇಳಿಸಿ. ಮರುದಿನ ಮೇಲೆ ಉಳಿದ ತುಂಡನ್ನು ಉಳಿಯಿಂದ ಸವರಿದರೆ ಕೈಯಾಡಿಸಿದರೂ ಗೊತ್ತಾಗುವುದಿಲ್ಲ. ಬಾಗಿಲ ಕೀಲಿನ ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೂ ಇದೇ ಉಪಾಯ. ಬಿದಿರು ಸಿಗದಿದ್ದರೆ ಮದ್ದು ಮುರಿದ ಬೆಂಕಿಕಡ್ಡಿ ಮೂರು ನಾಲ್ಕು ಸಾಕು.

ಹಿತ್ತಾಳೆ ಸ್ಕ್ರೂ ಹಾಕುವವರಿಗೆ ಒಂದು ಮಾತು. ಅದು ಮೆದು, ಗಟ್ಟಿ ಮರದಲ್ಲಿ ಅರ್ಧಕ್ಕೇ ತಲೆ ಮುರಿದುಕೊಳ್ಳುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂವನ್ನು ಮೊದಲು ಹಾಕಿ ದಾರಿ ಮಾಡಿ ತೆಗೆಯಿರಿ. ಹಿತ್ತಾಳೆಯದನ್ನು ಆಮೇಲೆ ತಿರುಗಿಸಿ.

3. ಕೀಳುವ ಮೊದಲು ಒಂದು ಏಟು ಒಳಕ್ಕೆ ಕೊಡಿ

ತುಕ್ಕು ಹಿಡಿದ ಮೊಳೆ ಮರವನ್ನು ಕಚ್ಚಿರುತ್ತದೆ. ಒಳಕ್ಕೆ ಬಿದ್ದ ಏಟು ಆ ಹಿಡಿತವನ್ನು ಬಿಡಿಸುತ್ತದೆ, ಆಮೇಲೆ ಎಳೆದರೆ ತಲೆ ಕಿತ್ತು ಕೈಗೆ ಬರುವುದಿಲ್ಲ. ಸುತ್ತಿಗೆಯ ಕೊಂಬಿನ ಅಡಿಗೆ ಒಂದು ಮರದ ಚಕ್ಕೆ ಇಡಿ, ಹಲಗೆಗೆ ಗಾಯವಾಗಬಾರದು.

4. ಮರ ಒಣಗಿದ್ದನ್ನು ದಿನಸಿ ಅಂಗಡಿಯ ತಕ್ಕಡಿಗೆ ಕೇಳಿ

‘ಒಣಗಿದೆ ಆಚಾರ್ರೇ, ಎರಡು ತಿಂಗಳಾಯ್ತು ಕೊಯ್ಸಿ’ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಒಂದಿಂಚಿನ ಹಲಗೆ ನೆರಳಲ್ಲಿ ಒಣಗಲು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಮರದ ಜಾತಿಯ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಆದರೆ ಎರಡು ತಿಂಗಳಂತೂ ಅಲ್ಲ. ಬಡಿದು ಸದ್ದು ಕೇಳುವುದು, ಮೂಸಿ ನೋಡುವುದು ಎಲ್ಲ ಮಾಡಿ ಮೋಸ ಹೋಗಿದ್ದೇನೆ.

ನನಗೆ ಒದಗಿದ ದಾರಿ ತೂಕ. ಹಲಗೆಯ ರಾಶಿಯಿಂದ ಒಂದಡಿ ತುಂಡು ಕತ್ತರಿಸಿ ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು ಬರೆದು, ಹಲಗೆ ಯಾವ ಕೋಣೆಗೆ ಹೋಗುತ್ತದೋ ಅದೇ ಕೋಣೆಯಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ಬೀಡಿಗೆಂದು ಹೋದಾಗ ಅಂಗಡಿಯ ತಕ್ಕಡಿಯ ಮೇಲಿಟ್ಟು ಗ್ರಾಂ ಎಷ್ಟೆಂದು ಅದರ ಮೈಮೇಲೇ ಬರೆದುಕೊಳ್ಳುತ್ತೇನೆ. ಒಂದು ಹಲಸಿನ ತುಂಡು ಮೊದಲ ವಾರ ಇನ್ನೂರು ಗ್ರಾಂ ಇಳಿಯಿತು, ಮುಂದೆ ಐವತ್ತು, ಆಮೇಲೆ ಹತ್ತು. ಮೂರು ವಾರ ತೂಕ ಕದಲದೆ ನಿಂತಿತೆಂದರೆ ಆ ಕೋಣೆಯ ಮಟ್ಟಿಗೆ ಮರ ಒಣಗಿದೆ. ಅಂಗಡಿಯವರು ಮೊದಮೊದಲು ನಗುತ್ತಿದ್ದರು, ಈಗ ನಾನು ಹೋಗದ ವಾರ ‘ನಿಮ್ಮ ಕೂಸು ಎಷ್ಟಾಯ್ತು’ ಎಂದು ಕೇಳುತ್ತಾರೆ. ತೇವ ಅಳೆಯುವ ಪುಟ್ಟ ಮೀಟರು ಈಗ ಸಿಗುತ್ತದೆ. ಮಗ ತಂದುಕೊಟ್ಟಿದ್ದಾನೆ, ಒಳ್ಳೆಯದೇ. ತಕ್ಕಡಿಗೆ ಬ್ಯಾಟರಿ ಮುಗಿಯುವುದಿಲ್ಲ, ಅಷ್ಟೇ.

ಜಾತಿಯಲ್ಲೂ ವ್ಯತ್ಯಾಸವಿದೆ. ಸಾಗುವಾನಿ ಕಡಿಮೆ ಆಡುತ್ತದೆ, ಅದಕ್ಕೇ ಅದರ ಬೆಲೆ. ಹಲಸು ನಂಬಬಹುದಾದ ಮರ. ಮತ್ತಿ, ನಂದಿ ಗಟ್ಟಿಮುಟ್ಟು, ಆದರೆ ಹಸಿಯಲ್ಲಿ ಹಾಕಿದರೆ ಎಳೆದಾಡುತ್ತವೆ. ಈಗ ಎಲ್ಲರೂ ಹಾಕಿಸುವ ಅಕೇಶಿಯಾವನ್ನು ಹಸಿಯಲ್ಲಿ ಮೊಳೆ ಹೊಡೆದು ಮಲಗಿದರೆ ರಾತ್ರಿ ಅದು ಸೀಳುವ ಸದ್ದು ಕೇಳಿಸುತ್ತದೆ.

ಹಲಗೆ ಹಾಸಲು ಹೊತ್ತು ನೋಡಬೇಕು. ಮಳೆಗಾಲದ ನಡುವೆ ಹಾಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಏಪ್ರಿಲ್‌ನಲ್ಲಿ ಒತ್ತಾಗಿ ಹಾಸಿದರೆ ಜುಲೈಯಲ್ಲಿ ಹಲಗೆಗಳು ಒಂದನ್ನೊಂದು ತಳ್ಳಿ ಕಮಾನಿನ ಹಾಗೆ ಏಳುತ್ತವೆ, ಮೊಳೆಯನ್ನೂ ಎತ್ತುತ್ತವೆ. ದೀಪಾವಳಿ ಕಳೆದು ಒಂದು ತಿಂಗಳ ಮೇಲೆ ಸರಿಯಾದ ಕಾಲ. ಆಗಲೂ ಹಲಗೆಗಳ ನಡುವೆ ಒಂದು ನಾಣ್ಯದ ದಪ್ಪ ಬಿಡುತ್ತೇನೆ.

5. ಎಣ್ಣೆ ಹಚ್ಚಿದ ಮೊಳೆ ಬೇಗ ಹೋಗುತ್ತದೆ, ಬೇಗ ಬರುತ್ತದೆ

ಹಳೆಯ ಮತ್ತಿ ತೊಲೆಗೆ ಮೊಳೆ ಹೊಡೆದವರಿಗೆ ಗೊತ್ತು, ಮೂರರಲ್ಲಿ ಒಂದು ಬಾಗುತ್ತದೆ. ಕಸುಬಿನ ಆರಂಭದಲ್ಲಿ ನಾನೊಂದು ಜಾಣತನ ಕಂಡುಕೊಂಡಿದ್ದೆ. ಗೆರಟೆಯಲ್ಲಿ ತೆಂಗಿನೆಣ್ಣೆ ಇಟ್ಟುಕೊಂಡು ಒಂದೊಂದೇ ಮೊಳೆ ಅದ್ದಿ ಹೊಡೆಯುತ್ತಿದ್ದೆ. ಬೆಣ್ಣೆಗೆ ಇಳಿದಂತೆ ಇಳಿಯುತ್ತಿತ್ತು. ಎರಡು ವರ್ಷಕ್ಕೆ ಅದೇ ಮನೆಯ ಅಟ್ಟದಲ್ಲಿ ಆ ಮೊಳೆಗಳನ್ನು ಬೆರಳಲ್ಲೇ ಎಳೆದು ತೆಗೆದೆ. ಮರವೂ ಕಬ್ಬಿಣವೂ ಒಂದನ್ನೊಂದು ಉಜ್ಜಿ ಹಿಡಿಯುವ ಬಿಗಿಯಲ್ಲೇ ಮೊಳೆಯ ಬಲವಿರುವುದು, ಎಣ್ಣೆ ಅದನ್ನೇ ತಿಂದಿತ್ತು. ಸ್ಕ್ರೂಗೆ ಸೋಪು, ಮೇಣ ಸವರಬಹುದು, ಅದರ ಹಿಡಿತ ಸುರುಳಿಯಲ್ಲಿದೆ. ಮೊಳೆಗೆ ಬೇಡ. ಮರ ಗಟ್ಟಿ ಇದ್ದರೆ ಮೊಳೆಗಿಂತ ತೆಳ್ಳನೆಯ ತೂತು ಮೊದಲೇ ಕೊರೆಯಿರಿ.

6. ಉದ್ದನೆಯ ಮೊಳೆ ಎಂದರೆ ಗಟ್ಟಿ ಮೊಳೆ ಅಲ್ಲ

‘ದೊಡ್ಡದೇ ಹೊಡೀರಿ’ ಅನ್ನುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ, ಸಾಮಾನ್ಯವಾಗಿ ಅವರ ಕೈಯಲ್ಲಿ ಕಾಫಿ ಲೋಟ ಇರುತ್ತದೆ. ಒಣ ಮರಕ್ಕೆ ಹಲಗೆಯ ದಪ್ಪದ ಎರಡೂವರೆ, ಮೂರು ಪಟ್ಟು ಉದ್ದ ಸರಿ. ಅರೆ ಒಣಗಿದ ಮರದಲ್ಲಿ ಮೊಳೆ ಎಷ್ಟು ಆಳ ಹೋಯಿತೋ ಅದರ ಸುತ್ತ ಕುಗ್ಗುವ ಮರವೂ ಅಷ್ಟೇ ಹೆಚ್ಚು, ತಲೆಯೂ ಅಷ್ಟೇ ಹೆಚ್ಚು ಹೊರಗೆ ಉಳಿಯುತ್ತದೆ. ಅಂಥಲ್ಲಿ ಉದ್ದ ಬೇಡ, ಮೈಮೇಲೆ ಉಂಗುರ ಕೊರೆದ ಮೊಳೆ ಅಥವಾ ಸ್ಕ್ರೂ ಹಾಕಿ.

ಅಂಗಡಿಯಲ್ಲಿ ಮೊಳೆ ಕೇಳುವಾಗ ಇಂಚಿನ ಜೊತೆ ನಂಬರನ್ನೂ ಹೇಳಿ. ನಂಬರ್ ಏರಿದಷ್ಟು ತಂತಿ ತೆಳ್ಳಗೆ: 10 ನಂಬರ್ ಸುಮಾರು 3.2 ಮಿ.ಮೀ., 14 ನಂಬರ್ 2 ಮಿ.ಮೀ. ಹಲಗೆಯ ತುದಿಯ ಹತ್ತಿರ ಹೊಡೆಯುವಾಗ ಮೊಳೆಯ ಚೂಪನ್ನು ಒಂದು ಏಟಿನಲ್ಲಿ ಮೊಂಡು ಮಾಡಿಕೊಂಡರೆ ಮರ ಸೀಳುವುದಿಲ್ಲ. ಚೂಪು ಎಳೆಗಳನ್ನು ಅಗಲಿಸುತ್ತದೆ, ಮೊಂಡು ತುದಿ ಅವನ್ನು ಮುರಿದುಕೊಂಡು ಹೋಗುತ್ತದೆ.

ಎರಡು ಮೊಳೆ ಹೊಡೆಯುವ ಕಡೆ ನೆಟ್ಟಗೆ ಹೊಡೆಯಬೇಡಿ. ಕಾಲು ಅಗಲಿಸಿ ನಿಂತವರ ಹಾಗೆ ಒಂದು ಅತ್ತ, ಒಂದು ಇತ್ತ ಓರೆಯಾಗಿರಲಿ. ಕೊಟ್ಟಿಗೆಯ ಬಾಗಿಲಿಗೆ ನಮ್ಮ ಹಿರಿಯರು ಹಿಂದಕ್ಕೆ ಹಾಯುವಷ್ಟು ಉದ್ದದ ಮೊಳೆ ಹೊಡೆದು ತುದಿಯನ್ನು ಮಡಿಚಿ ಮರದೊಳಕ್ಕೆ ಬಡಿಯುತ್ತಿದ್ದರು. ದನ ದಿನಕ್ಕೆ ನಾಲ್ಕು ಸಲ ಗುದ್ದಿದರೂ ಆ ಮೊಳೆ ಏಳುವುದಿಲ್ಲ. ಉದ್ದನೆಯ ಮೊಳೆ ಬೇಕಾದ ಜಾಗ ಅದು.

7. ಮತ್ತಿ, ಹೊನ್ನೆಗೆ ಬರಿಯ ಕಬ್ಬಿಣ ಹೊಡೆದರೆ ಮಸಿ ಸುರಿಯುತ್ತದೆ

ಇದು ಅಲಂಕಾರದ ಮಾತಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿದರೆ ಹಿಂದಿನವರು ಬರೆಯುತ್ತಿದ್ದ ಕಪ್ಪು ಶಾಯಿ ಆಗುತ್ತದೆ. ಅನ್ನಭೇದಿಯಲ್ಲಿ ಇರುವುದು ಕಬ್ಬಿಣ, ಅಳಲೆಕಾಯಿಯಲ್ಲಿ ಇರುವುದು ಒಗರು. ಮತ್ತಿ ಮರ ಅಳಲೆಯದೇ ಬಳಗ, ಅದೇ ಒಗರು ಅದರಲ್ಲೂ ಇದೆ. ಮಳೆಗಾಲದ ಒದ್ದೆಯಲ್ಲಿ ಮೊಳೆಯ ಸುತ್ತ ಶಾಯಿ ತಯಾರಾಗಿ ಹಲಗೆಯ ಮೇಲೆ ಕಪ್ಪು ಕಣ್ಣೀರಿನ ಗೆರೆ ಮೂಡುತ್ತದೆ. ಕಲೆ ಬಿಡಿ, ಕಷ್ಟ ಬೇರೆಯದು. ಮೊಳೆ ಒಳಗೇ ಸವೆಯುತ್ತಾ ಅದರ ಸುತ್ತಲಿನ ಮರವೂ ಪುಡಿಯಾಗಿ ತೂತು ದೊಡ್ಡದಾಗುತ್ತದೆ. ಕುಂದಾಪುರದ ಕಡೆ ಸಮುದ್ರದ ಉಪ್ಪು ಗಾಳಿ ಇದಕ್ಕೆ ಕೂಡಿಕೊಳ್ಳುತ್ತದೆ. ಅಂಥ ಕಡೆ ಸತು ಬಳಿದ ಮೊಳೆ ಅಥವಾ ಸ್ಟೈನ್‌ಲೆಸ್ ಸ್ಕ್ರೂ. ದುಡ್ಡು ಹೆಚ್ಚು, ವಾದ ಕಡಿಮೆ.

8. ಹೆಂಚಿಗೆ ಮೊಳೆ ಇಲ್ಲ, ತಗಡಿಗೆ ಉಂಟು

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸುರುಮಾಡಿದ ಹೆಂಚಿನ ಬೆನ್ನ ಹಿಂದೆ ಕೊಕ್ಕೆ ಇದೆ. ಅದರಿಂದ ಹೆಂಚು ರೀಪಿಗೆ ತಗುಲಿಕೊಂಡು ತನ್ನ ಭಾರಕ್ಕೆ ತಾನು ಕೂರುತ್ತದೆ. ರೀಪು ಉಬ್ಬಲಿ, ಕುಗ್ಗಲಿ, ಹೆಂಚಿಗೆ ಏನೂ ಇಲ್ಲ. ಹೆಂಚು ಇಳಿಸಿ ತಗಡು ಹಾಕಿಸಿದ ಮನೆಗಳಲ್ಲಿ ನನ್ನ ಕೆಲಸ ಹೆಚ್ಚಿದೆ. ಇಪ್ಪತ್ತಡಿಯ ಉಕ್ಕಿನ ತಗಡು ಮುಂಜಾನೆಯ ಚಳಿಯಿಂದ ಮಧ್ಯಾಹ್ನದ ಬಿಸಿಲಿಗೆ ನಲವತ್ತು ಡಿಗ್ರಿ ಕಾದರೆ ಉದ್ದದಲ್ಲಿ ಸುಮಾರು 3 ಮಿ.ಮೀ. ಬೆಳೆಯುತ್ತದೆ. ದಿನವೂ ಮೊಳೆಯನ್ನು ಅತ್ತ ಇತ್ತ ಅಲುಗಿಸುತ್ತದೆ, ಮೇ ತಿಂಗಳ ಗಾಳಿ ಅಡಿಯಿಂದ ಎತ್ತುತ್ತದೆ. ವಾಷರ್ ಹಾಕಿದ ಮೊಳೆಯಾದರೂ ಮೂರು ನಾಲ್ಕು ವರ್ಷದಲ್ಲಿ ಸಡಿಲು. ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿಸಿ, ಅಲೆ ತಗಡಿಗೆ ನೀರು ಹರಿಯುವ ತಗ್ಗಿನಲ್ಲಿ ಅಲ್ಲ, ಏರಿನ ಮೇಲೆ. ವಾಷರ್ ಅಂಚಿನಲ್ಲಿ ಒಂಚೂರು ಉಬ್ಬಿದಾಗ ನಿಲ್ಲಿಸಬೇಕು. ಮಿಶಿನ್ ಹಿಡಿದ ಹುಡುಗರು ಅದು ಹರಿದು ಹೊರಬರುವ ತನಕ ತಿರುಗಿಸುತ್ತಾರೆ, ಸೋರಿಕೆ ಅಂದೇ ಸುರು.

ಅಡಿಕೆ ಒಣಗಿಸುವ ಚಪ್ಪರವನ್ನು ನೋಡಿ, ಕಂಬ, ದಬ್ಬೆ ಎಲ್ಲ ಹಗ್ಗದಲ್ಲಿ ಕಟ್ಟಿರುತ್ತಾರೆ. ಅಡಿಕೆ ದಬ್ಬೆಗೆ ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ ಎಂಬುದು ಒಂದು, ಕಟ್ಟಿದ್ದು ಅಲುಗಿದರೂ ಬಿಡುವುದಿಲ್ಲ ಎಂಬುದು ಇನ್ನೊಂದು. ಎಲ್ಲದಕ್ಕೂ ಮೊಳೆ ಕೇಳುವ ಹುಡುಗರನ್ನು ನಾನು ಮೊದಲು ಚಪ್ಪರ ಕಟ್ಟಲು ಕಳಿಸುತ್ತೇನೆ.

9. ಗೋಡೆಯ ಮೊಳೆಗೆ ಬೇಕಾದ್ದು ಗೋಡೆ, ಗಾರೆಯಲ್ಲ

ದೇವರ ಪಟ ಬಿದ್ದರೆ ಮನೆಯಲ್ಲಿ ಅಪಶಕುನದ ಮಾತು ಏಳುತ್ತದೆ. ನಾನು ನೋಡಿದ ಅಷ್ಟೂ ಪಟಗಳು ಬಿದ್ದದ್ದು ಮೊಳೆ ಅರ್ಧ ಇಂಚಿನ ಗಾರೆಯಲ್ಲಷ್ಟೇ ನಿಂತಿದ್ದರಿಂದ. ಗಾರೆ ದಾಟಿ ಇಟ್ಟಿಗೆಗೋ ಕಲ್ಲಿಗೋ ಒಂದಿಂಚಾದರೂ ಹೋಗಬೇಕು. ಜಂಬಿಟ್ಟಿಗೆ ಕಲ್ಲು ಮೆದು, ಮೊಳೆ ಸಲೀಸಾಗಿ ಹೋಗುತ್ತದೆ, ಆದರೆ ತೂತಿನ ಸುತ್ತ ಪುಡಿಯಾಗುತ್ತಾ ಸಡಿಲಾಗುತ್ತದೆ. ಅಲ್ಲಿ ಡ್ರಿಲ್ಲಿನಲ್ಲಿ ಕೊರೆದು ದೂಳು ಊದಿ ರಾಲ್ ಪ್ಲಗ್ ಹಾಕಿ ಸ್ಕ್ರೂ ಬಿಗಿಯುವುದೇ ಸರಿ. ಮಣ್ಣಿನ ಗೋಡೆಯಾದರೆ ಒಣಗಿದ ಮರದ ಗೂಟ ಬಡಿದು ಗೂಟಕ್ಕೆ ಮೊಳೆ. ಗೂಟ ಹಸಿಯಿದ್ದರೆ ಮತ್ತೆ ಮೊದಲ ಪಾಠಕ್ಕೆ ಹೋಗಿ. ಕಾಂಕ್ರೀಟ್ ಮೊಳೆ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ, ಅದು ಬಾಗುವುದಿಲ್ಲ, ಸಿಡಿಯುತ್ತದೆ.

ಬೆಂಗಳೂರಿನ ಮಗನ ಮನೆಯಲ್ಲಿ ಜಿಪ್ಸಂ ಹಲಗೆಯ ಸೂರು. ಬಿಳಿಯ ನುಣುಪಿನ ಮೇಲೆ ಮೊಡವೆಯ ಹಾಗೆ ಸಾಲಾಗಿ ಐದಾರು ಉಬ್ಬು. ಕೆರೆದು ನೋಡಿದೆ. ಹಾಕಿದವರು ಸ್ಕ್ರೂವನ್ನು ಅತಿಯಾಗಿ ತಿರುಗಿಸಿ ಹಲಗೆಯ ಮೇಲಿನ ಕಾಗದವನ್ನೇ ಹರಿದಿದ್ದರು. ಆ ಹಲಗೆಯ ಬಲವೆಲ್ಲ ಕಾಗದದಲ್ಲಿದೆ, ಒಳಗಿರುವುದು ಸೀಮೆಸುಣ್ಣದಂಥ ಪುಡಿ. ಅಂಗೈಯಿಂದ ಹಲಗೆಯನ್ನು ಚೌಕಟ್ಟಿಗೆ ಒತ್ತಿ ಹಿಡಿದು, ಒಂದೂವರೆ ಇಂಚು ಪಕ್ಕಕ್ಕೆ ಹೊಸ ಸ್ಕ್ರೂ ಹಾಕಿ, ತಲೆ ಕಾಗದವನ್ನು ಒತ್ತಿ ಹರಿಯದ ಹಾಗೆ ನಿಲ್ಲಿಸಿ, ಹಳೆಯದನ್ನು ತೆಗೆದು ಪುಟ್ಟಿ ಹಚ್ಚಿದೆ. ‘ಅಪ್ಪ, ನಿಂಗೆ ಇದೂ ಬರ್ತದಾ’ ಅಂದ. ಮರದ ಕೆಲಸವೇ ಅದು, ಮರ ಇಲ್ಲ ಅಷ್ಟೇ.

10. ಕಾಲಿಗೆ ಚುಚ್ಚಿದರೆ ತುಕ್ಕನ್ನು ನೋಡುತ್ತಾ ಕೂರಬೇಡಿ

ಧನುರ್ವಾಯು ತುಕ್ಕಿನಿಂದ ಬರುವುದಲ್ಲ. ಅದರ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ, ಮೊಳೆ ಅದನ್ನು ಗಾಳಿಯಾಡದ ಆಳಕ್ಕೆ ತಲುಪಿಸುತ್ತದೆ. ಕೊಟ್ಟಿಗೆಯ ಹೊಚ್ಚ ಹೊಸ ಮೊಳೆಯೂ ಅಷ್ಟೇ ಅಪಾಯ. ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ, ಅರಿಸಿನ ಮೆತ್ತಿ ಮಲಗಬೇಡಿ. ನಾನು ಮಲಗಿದ್ದೇನೆ. ಮೂರನೆಯ ದಿನ ಕಾಲು ಕುಂಬಳಕಾಯಿ ಆಗಿತ್ತು.

11. ವರ್ಷಕ್ಕೊಮ್ಮೆ ಹಳೆಯ ಸೀರೆ ಎಳೆಯಿರಿ

ಶಿವರಾತ್ರಿಯಿಂದ ಯುಗಾದಿಯೊಳಗೆ, ಮರ ಪೂರ್ತಿ ಒಣಗಿ ಕುಗ್ಗಿ ಕೂತ ಹೊತ್ತಿನಲ್ಲಿ, ಎದ್ದ ಮೊಳೆಗಳನ್ನು ಹುಡುಕಬೇಕು. ಕಣ್ಣಿಗೆ ಕಾಣುವುದಿಲ್ಲ, ಕೈಯಾಡಿಸಿದರೆ ಗೀರುತ್ತದೆ. ಒಂದು ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮಹಡಿಯ ಮೇಲೆ ಹಲಗೆಯ ಉದ್ದಕ್ಕೂ ಮೆಲ್ಲಗೆ ಎಳೆದುಕೊಂಡು ಹೋಗಿ. ಅರ್ಧ ಮಿಲಿಮೀಟರು ಎದ್ದ ಮೊಳೆಯೂ ಎಳೆಯನ್ನು ಹಿಡಿದು ನಿಲ್ಲಿಸುತ್ತದೆ. ನಿಂತಲ್ಲೆಲ್ಲ ಸೀಮೆಸುಣ್ಣದ ಗುರುತು. ಮೆಟ್ಟಿಲು, ಹೊಸ್ತಿಲು, ಊಟದ ಮಣೆ, ಬೆಂಚಿನ ಅಂಚು ಮರೆಯಬೇಡಿ.

ತೀರ್ಥಹಳ್ಳಿ ಕಡೆಯ ಆ ಮನೆಗೆ ನಾನು ಈಗಲೂ ಹೋಗುತ್ತೇನೆ. ಮಹಡಿಯ ಹಲಗೆಗಳೆಲ್ಲ ಸ್ಕ್ರೂ ಮೇಲೆ ನಿಂತು ಮೂವತ್ತು ವರ್ಷ ಆಗಿದೆ. ಆದರೂ ಪ್ರತಿ ವರ್ಷ ಶಿವರಾತ್ರಿ ಕಳೆದ ವಾರ ಆ ಮನೆಯ ಅಮ್ಮ ಎಳೆಯುವುದಕ್ಕೆಂದು ಒಂದು ಸೀರೆ ತೆಗೆದಿಟ್ಟಿರುತ್ತಾರೆ. ಈ ಸಲ ಕೊಟ್ಟದ್ದು ಕಂದು ಬಣ್ಣದ್ದು, ಅಂಚಿನಲ್ಲಿ ಗೇಣುದ್ದ ಹೊಲಿಗೆ. ನಾನು ಬಿಡಿಸಿ ನೋಡುತ್ತಾ ನಿಂತದ್ದನ್ನು ಕಂಡು, ‘ಅದಲ್ಲ ಆಚಾರ್ರೇ, ಅದು ರೇಷ್ಮೆ, ಇದು ನೂಲಿಂದು’ ಅಂದು ನಕ್ಕು ಒಳಗೆ ಹೋದರು.